ಹಿಂದುಳಿದ ಮಗು ದಡ್ಡ ಮಗುವಲ್ಲ
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಅನೇಕ ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಆದರೆ ಶಾಲೆಯಲ್ಲಿ ಮಕ್ಕಳು ಕಲಿಯುವ ಅಕ್ಷರ ತಮಿಳು. ಹೀಗಿರುವಾಗ ಓದಿನಲ್ಲಿ ತಡವರಿಸುವ ಮಗುವನ್ನು ಕಂಡ ಹೆತ್ತವರೂ ಉಪಾಧ್ಯಾಯರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ತೊಡಕು ಭಾಷೆಯದೋ, ಕಲಿಕೆಯದೋ?

ತಮಿಳಿನಲ್ಲಿ 'ಕ', 'ಗ' ಧ್ವನಿಗಳಿಗೆ ಒಂದೇ ಅಕ್ಷರ. 'ಪಗಲ್' ಎಂಬ ಪದವನ್ನು 'ಪಕಲ್' ಎಂಬಂತೆ ಬರೆಯುತ್ತಾರೆ. ಮನೆಯಲ್ಲಿ 'ಹಗಲು' ಎನ್ನುವ ಮಗು ಅದನ್ನು ಬರೆದಂತೆಯೇ ಓದಿದರೆ ಅದು ದಡ್ಡತನವಲ್ಲ. ಅರ್ಥವನ್ನು ಕನ್ನಡದಲ್ಲಿ ಒಮ್ಮೆ ತಿಳಿಸಿ, ಪದವನ್ನು ತಮಿಳಿನಲ್ಲಿ ಹತ್ತು ಬಾರಿ ಕೇಳಿಸಿದರೆ ಇಂಥ ತಪ್ಪು ಕ್ರಮೇಣ ತಿದ್ದಿಹೋಗುತ್ತದೆ.

ಆದರೆ ಎರಡು ಭಾಷೆಗಳಲ್ಲಿಯೂ ಚುರುಕಾಗಿ ಕಥೆ ಹೇಳಬಲ್ಲ ಮಗು, ವರ್ಷಗಟ್ಟಲೆ ಕಲಿತರೂ ಅಕ್ಷರಕ್ಕೂ ಧ್ವನಿಗೂ ಗಂಟು ಹಾಕಲಾರದೆ ಹೋದರೆ ಡಿಸ್ಲೆಕ್ಸಿಯಾ ಇರಬಹುದು. ಇದು ಸೋಮಾರಿತನವಲ್ಲ, ಗ್ರಹಚಾರವೂ ಅಲ್ಲ. ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಿ, ಅನಂತರ ತಜ್ಞರಿಗೆ ತೋರಿಸುವುದು ಅವಶ್ಯ.

ಇಂಥ ಮಗುವಿಗೆ ಪಾಠ ಹೇಗೆ? ಒಂದು ಸಲಕ್ಕೆ ಒಂದೇ ಅಕ್ಷರ. ಅದನ್ನು ಮಗು ನೋಡಬೇಕು, ಕೇಳಬೇಕು, ಉಚ್ಚರಿಸಬೇಕು, ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ಪದವನ್ನು ಚಪ್ಪಾಳೆ ತಟ್ಟುತ್ತಾ ಬಿಡಿಸಿ ಹೇಳಬೇಕು. ನಿನ್ನೆಯ ಪಾಠ ನಿಂತ ಮೇಲೆಯೇ ಇಂದಿನದು. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ದಿನವೂ 15 ನಿಮಿಷ ಮೇಲು. ಎಲ್ಲರೆದುರು ಗಟ್ಟಿಯಾಗಿ ಓದಿಸಿ ನಾಚಿಸಬಾರದು. ಬಾಯಿಮಾತಿನಲ್ಲಿ ಉತ್ತರ ಹೇಳಲು ಬಿಡಬೇಕು. ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿದ 'ಎಣ್ಣುಂ ಎಳುತ್ತುಂ' ಯೋಜನೆ ಸಹ ಚಿಕ್ಕ ತರಗತಿಯ ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂದು ಗುಂಪು ಮಾಡಿತು. ಎಲ್ಲ ಮೊಗ್ಗೂ ಒಂದೇ ದಿನ ಅರಳದಲ್ಲವೇ?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಕಲಿಕೆಯ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೂ ಬರೆದುಕೊಡುವವರ ನೆರವನ್ನೂ ಕೇಳಬಹುದು. ದೂರ ಹೋಗಬೇಕಾಗಿಲ್ಲ, 1930ರಲ್ಲಿ ಸ್ಥಾಪನೆಯಾದ ಪೆರಿಯನಾಯಕನ್‌ಪಾಳ್ಯದ ರಾಮಕೃಷ್ಣ ಮಿಷನ್ ವಿದ್ಯಾಲಯದ ಆವರಣದಲ್ಲಿಯೇ ವಿಶೇಷ ಶಿಕ್ಷಣದ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ನಾಲ್ಕು ಜನ ಏನೆಂದಾರೋ ಎಂಬ ಅಂಜಿಕೆಯಿಂದ ವಿಷಯ ಮುಚ್ಚಿಟ್ಟರೆ ನಷ್ಟ ಮಗುವಿನದು.

"ಇವನಿಗೆ ಓದು ಹತ್ತದು" ಎಂದು ಶಾಲೆ ಬಿಡಿಸಿ ಮಗ್ಗಕ್ಕೋ ಬನಿಯನ್ ಕಂಪನಿಗೋ ಕಳುಹಿಸುವ ಮುನ್ನ ಒಂದು ಮಾತು ನೆನಪಿರಲಿ. ಎಳೆ ಕಡಿದರೆ ನೇಕಾರನು ಹಾಸನ್ನೇ ಕತ್ತರಿಸಿ ಎಸೆಯುವುದಿಲ್ಲ. ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕುತ್ತಾನೆ. ಅಷ್ಟು ತಾಳ್ಮೆ ಹೆತ್ತ ಮಗುವಿಗೂ ಸಲ್ಲಬೇಕು.