ಬರ್ತ್ ಮೋರಿಸೊ: ಕುಂಚ ಕೆಳಗಿಡದ ಕಲಾವಿದೆ



ಹೋದ ತಿಂಗಳು ನನ್ನ ಮಗಳು ಕಾಲೇಜಿನ ಅರ್ಜಿ ತುಂಬುತ್ತಿದ್ದಳು. ತಾಯಿಯ ಉದ್ಯೋಗ ಎಂಬ ಜಾಗಕ್ಕೆ ಬಂದಾಗ, "ಅಮ್ಮಾ, ಇಲ್ಲಿ 'ಇಲ್ಲ' ಅಂತ ಹಾಕಲಾ?" ಎಂದಳು. ಹಾಕು ಅಂದೆ. ಅವಳ ತಪ್ಪೇನೂ ಇಲ್ಲ. ನಾನು ಕನ್ನಡ ಎಂ.ಎ. ಓದಿದ್ದೇನೆ, ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ, ಹೀಗೆ ರೇಡಿಯೋದಲ್ಲಿ ಮಾತಾಡುತ್ತೇನೆ. ಯಾವುದಕ್ಕೂ ಸಂಬಳವಿಲ್ಲ. ಅರ್ಜಿಯ ಲೆಕ್ಕದಲ್ಲಿ 'ಇಲ್ಲ' ಸರಿಯೇ. ಆದರೆ ಆ ರಾತ್ರಿ ನನಗೆ 1895ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಒಬ್ಬ ಹೆಂಗಸಿನ ಮರಣಪತ್ರ ನೆನಪಾಯಿತು. ಅದರಲ್ಲೂ ಹೀಗೇ ಬರೆದಿತ್ತು, ಉದ್ಯೋಗ ಇಲ್ಲ ಎಂದು. ಆಕೆ ಬಿಟ್ಟುಹೋದ ಚಿತ್ರಗಳೋ ನೂರಾರು! ಹೆಸರು ಬರ್ತ್ ಮೋರಿಸೊ. ಇವತ್ತು ಅವಳ ಕತೆ.

ನಿಮ್ಮಲ್ಲಿ ಅನೇಕರು ಸ್ಕೂಲಿನ ಆರ್ಟ್ ಕ್ಲಾಸಿನಲ್ಲಿ ಇಂಪ್ರೆಷನಿಸಂ ಬಗ್ಗೆ ಕೇಳಿರುತ್ತೀರಿ. ರಾಜರು, ಪುರಾಣ, ಯುದ್ಧ ಇಂಥವನ್ನು ನಯವಾಗಿ ತಿದ್ದಿ ತೀಡಿ ಬರೆಯುವುದನ್ನು ಬಿಟ್ಟು, ಕಣ್ಣೆದುರಿನ ಒಂದು ಕ್ಷಣದ ಬೆಳಕನ್ನು ಬಿರುಸಾದ ಕುಂಚದಲ್ಲಿ ಹಿಡಿಯುವ ಚಿತ್ರಕಲೆ ಅದು. ಮೋನೆ, ರೆನ್ವಾರ್, ದೆಗಾ, ಈ ಹೆಸರುಗಳು ನಿಮಗೆ ಗೊತ್ತು. ಇವರ ಜೊತೆಗೆ ಮೊದಲ ದಿನದಿಂದ ನಿಂತವಳು ಬರ್ತ್.

ಅವಳು ಹುಟ್ಟಿದ್ದು 1841ರ ಜನವರಿ 14ರಂದು, ಫ್ರಾನ್ಸಿನ ಬೂರ್ಜ್ ಎಂಬ ಊರಿನಲ್ಲಿ. ತಂದೆ ದೊಡ್ಡ ಸರ್ಕಾರಿ ಅಧಿಕಾರಿ. ಸಂಸಾರ ಪ್ಯಾರಿಸ್ಸಿಗೆ ಬಂದ ಮೇಲೆ ತಾಯಿ ಹೆಣ್ಣುಮಕ್ಕಳನ್ನು ಚಿತ್ರಕಲೆಯ ಪಾಠಕ್ಕೆ ಹಾಕಿದರು. ಒಳ್ಳೆಯ ಮನೆತನದ ಹುಡುಗಿಯರು ಪಿಯಾನೋ ಕಲಿತ ಹಾಗೆ ಚಿತ್ರವನ್ನೂ ಒಂದಿಷ್ಟು ಕಲಿಯಲಿ ಎಂಬ ಆಸೆ, ಅಷ್ಟೆ. ಆದರೆ ಬರ್ತ್ ಮತ್ತು ಅವಳಕ್ಕ ಎದ್ಮಾ ಕಲಿತ ರೀತಿ ನೋಡಿ ಮೇಷ್ಟ್ರು ಗಿಶಾರ್ ತಾಯಿಯನ್ನು ಎಚ್ಚರಿಸಿದರು. ಈ ಹುಡುಗಿಯರು ನಿಜವಾದ ಕಲಾವಿದೆಯರಾಗಿಬಿಡುತ್ತಾರೆ, ನಿಮ್ಮಂಥ ಮನೆತನದಲ್ಲಿ ಅದೊಂದು ಅನಾಹುತವೇ ಸರಿ ಎಂದರು. ತಾಯಿ ಹೆದರಲಿಲ್ಲ. ಪಾಠ ನಿಲ್ಲಲಿಲ್ಲ.

ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿದ್ದು 1897ರಲ್ಲಿ. ಹಾಗಾಗಿ ಅಕ್ಕತಂಗಿಯರಿಬ್ಬರೂ ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳನ್ನು ನೋಡಿ ನಕಲು ಮಾಡುತ್ತಾ ಕಲಿತರು. ಪ್ರಸಿದ್ಧ ಕಲಾವಿದ ಕೊರೋ ಬಯಲಿನಲ್ಲಿ ಕೂತು ಬರೆಯುವುದನ್ನು ಕಲಿಸಿದ. ತಂದೆ ಮನೆಯ ತೋಟದಲ್ಲಿ ಇಬ್ಬರಿಗೂ ಒಂದು ಸ್ಟುಡಿಯೋ ಕಟ್ಟಿಸಿಕೊಟ್ಟರು. 1864ರಲ್ಲಿ, ಬರ್ತ್‌ಗೆ 23 ವರ್ಷವಿದ್ದಾಗ, ಇಬ್ಬರ ಚಿತ್ರಗಳೂ ಸಲೋನ್ ಎಂಬ ಸರ್ಕಾರಿ ಪ್ರದರ್ಶನಕ್ಕೆ ಆಯ್ಕೆಯಾದವು.

1869ರಲ್ಲಿ ಎದ್ಮಾಳಿಗೆ ನೌಕಾಪಡೆಯ ಅಧಿಕಾರಿಯೊಬ್ಬನ ಜೊತೆ ಮದುವೆಯಾಯಿತು. ಗಂಡನ ಜೊತೆ ದೂರದ ಊರಿಗೆ ಹೋದಳು. ಅಲ್ಲಿಂದ ತಂಗಿಗೆ ಬರೆದ ಕಾಗದದಲ್ಲಿ, ಮನಸ್ಸು ಸದಾ ನಿನ್ನ ಸ್ಟುಡಿಯೋದಲ್ಲೇ ಇರುತ್ತದೆ, ಕಾಲು ಗಂಟೆಯಾದರೂ ಓಡಿಬಂದು ಅಲ್ಲಿನ ಗಾಳಿ ಕುಡಿಯಬೇಕು ಅನ್ನಿಸುತ್ತದೆ ಎಂದು ಹೇಳಿಕೊಂಡಳು. ಅವಳ ಚಿತ್ರಕಲೆ ಬಹುಪಾಲು ಅಲ್ಲಿಗೇ ನಿಂತಿತು. ಯಾರೂ ಬೇಡ ಅಂದದ್ದಲ್ಲ. ನಿಂತುಹೋಯಿತು. ಈ 'ನಿಂತುಹೋಯಿತು' ಎಂಬ ಮಾತನ್ನು ನಮ್ಮ ಅಮ್ಮಂದಿರ, ಅತ್ತೆಯರ ಬಾಯಲ್ಲಿ ನೀವೂ ಕೇಳಿರಬಹುದು. ಸಂಗೀತ ಕಲಿಯುತ್ತಿದ್ದೆ, ನಿಂತುಹೋಯಿತು. ಬರೆಯುತ್ತಿದ್ದೆ, ನಿಂತುಹೋಯಿತು.

ಈ ಹೊತ್ತಿಗೆ ಬರ್ತ್‌ಗೆ ಎದುವಾರ್ ಮಾನೆಯ ಪರಿಚಯವಾಗಿತ್ತು. ಮೋನೆ ಬೇರೆ, ಈ ಮಾನೆ ಬೇರೆ. ನಾನೂ ಬಹಳ ದಿನ ಗೊಂದಲ ಮಾಡಿಕೊಂಡಿದ್ದೆ. ಮಾನೆ ಅವಳಿಗಿಂತ ಹಿರಿಯ, ಆಗಲೇ ಹೆಸರು ಮಾಡಿದ್ದವನು. 1870ರ ಸಲೋನಿಗೆಂದು ಬರ್ತ್ ತಾಯಿಯನ್ನೂ ಅಕ್ಕನನ್ನೂ ಕೂರಿಸಿ ಒಂದು ದೊಡ್ಡ ಚಿತ್ರ ಬರೆದಳು. ಅನುಮಾನ ಬಂದು ಮಾನೆಯ ಅಭಿಪ್ರಾಯ ಕೇಳಿದಳು. ಅವನು ಕುಂಚ ಹಿಡಿದು ತಾಯಿಯ ಲಂಗದಿಂದ ಶುರುಮಾಡಿ ಮುಖದವರೆಗೂ ತಿದ್ದಿಬಿಟ್ಟ. ಅಷ್ಟರಲ್ಲಿ ಚಿತ್ರ ಒಯ್ಯುವ ಗಾಡಿ ಬಂತು. ಬರ್ತ್‌ಗೆ ಆದ ಸಂಕಟ ಅಷ್ಟಿಷ್ಟಲ್ಲ. ಈ ಚಿತ್ರ ಈಗ ನಮ್ಮ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹೋದರೆ ನೋಡಿ. ತಾಯಿಯ ಕಪ್ಪು ಬಟ್ಟೆಯ ಕುಂಚವೇ ಬೇರೆ, ಅಕ್ಕನ ಬಿಳಿ ಬಟ್ಟೆಯ ಕುಂಚವೇ ಬೇರೆ.

1874ರ ಏಪ್ರಿಲ್ 15ರಂದು, ಸಲೋನನ್ನು ಬಿಟ್ಟು ತಾವೇ ಪ್ರದರ್ಶನ ಮಾಡಿದ ಗುಂಪಿನಲ್ಲಿ ಬರ್ತ್ ಇದ್ದಳು. ಮಾನೆ ಆ ಗುಂಪಿಗೆ ಕೊನೆಯವರೆಗೂ ಸೇರಲಿಲ್ಲ. ಪತ್ರಿಕೆಗಳು ಗೇಲಿ ಮಾಡಿದವು. ಇಂಪ್ರೆಷನಿಸಂ ಎಂಬ ಹೆಸರು ಹುಟ್ಟಿದ್ದೇ ಆ ಗೇಲಿಯಿಂದ. ಅಲ್ಲಿ ಬರ್ತ್ ಇಟ್ಟ ಚಿತ್ರಗಳಲ್ಲೊಂದು 'ತೊಟ್ಟಿಲು'. ತೆಳು ಪರದೆಯೊಳಗೆ ಮಗು ಮಲಗಿದೆ, ತಾಯಿ ಕೆನ್ನೆಗೆ ಕೈಕೊಟ್ಟು ನೋಡುತ್ತಿದ್ದಾಳೆ. ಆ ತಾಯಿ ಎದ್ಮಾ. ಆ ಮುಖದಲ್ಲಿ ವಾತ್ಸಲ್ಯವೂ ಇದೆ, ದಣಿವೂ ಇದೆ, ಬೇರೆಲ್ಲೋ ಇರುವ ಮನಸ್ಸೂ ಇದೆ ಅಂತ ನನಗೆ ಅನ್ನಿಸುತ್ತದೆ. ಆಗ ಮಾರಾಟವಾಗದ ಈ ಚಿತ್ರವನ್ನು ನೋಡಲು ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂಗೆ ಜನ ಹೋಗುತ್ತಾರೆ.

ಅದೇ ವರ್ಷ ಡಿಸೆಂಬರಿನಲ್ಲಿ ಬರ್ತ್ ಮಾನೆಯ ತಮ್ಮ ಯುಜೀನನನ್ನು ಮದುವೆಯಾದಳು. ಆಗ ಅವಳಿಗೆ 33. ಚಿತ್ರ ಬರೆಯುವುದನ್ನು ಬಿಡಲಿಲ್ಲ, ಸಹಿಯನ್ನೂ ಮೋರಿಸೊ ಎಂದೇ ಉಳಿಸಿಕೊಂಡಳು. ಗಂಡ ಬೆಂಬಲಕ್ಕೆ ನಿಂತ. ಗುಂಪಿನ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಅವಳ ಚಿತ್ರಗಳಿದ್ದವು. ತಪ್ಪಿದ್ದು 1879ರದ್ದು ಮಾತ್ರ. ಹಿಂದಿನ ನವೆಂಬರಿನಲ್ಲಿ ಮಗಳು ಜೂಲಿ ಹುಟ್ಟಿದ್ದಳು.

ಮೋನೆ, ದೆಗಾ ಎಲ್ಲ ಕಾಫಿ ಹೋಟೆಲುಗಳಲ್ಲಿ ಕೂತು ಕಲೆಯ ಚರ್ಚೆ ಮಾಡುತ್ತಿದ್ದರು. ಅವಳಂಥ ಮನೆತನದ ಹೆಣ್ಣು ಅಲ್ಲಿಗೆ ಒಬ್ಬಳೇ ಹೋಗುವ ಹಾಗಿರಲಿಲ್ಲ. ಹಾಗಾಗಿ ಮನೆಯೇ ಅವಳ ವಸ್ತು. ಊಟದ ಕೋಣೆ, ತೋಟ, ಕನ್ನಡಿ, ಕೆಲಸದ ಹುಡುಗಿ, ಮಗುವಿಗೆ ಹಾಲೂಡಿಸುವ ದಾದಿ, ಬೆಳೆಯುತ್ತಿರುವ ಜೂಲಿ. ಬರೆಯುತ್ತಿದ್ದದ್ದೂ ಮನೆಯ ಹಜಾರದಲ್ಲೇ. ನಾವು ದಿನಾ ನೋಡಿಯೂ ನೋಡದ ಲೋಕ ಅದು.

ಇನ್ನೊಂದು ಸಂಗತಿ. ಮಾನೆ ಅವಳ ಹತ್ತಕ್ಕೂ ಹೆಚ್ಚು ಚಿತ್ರ ಬರೆದಿದ್ದಾನೆ. ಬೀಸಣಿಗೆ ಹಿಡಿದ ಬರ್ತ್, ನೇರಳೆ ಹೂವಿನ ಗೊಂಚಲು ಧರಿಸಿದ ಬರ್ತ್. ಒಂದರಲ್ಲೂ ಅವಳ ಕೈಯಲ್ಲಿ ಕುಂಚವಿಲ್ಲ. ಕುಂಚ ಹಿಡಿದು ಕೆಲಸದಲ್ಲಿ ಮುಳುಗಿದ ಬರ್ತ್‌ಳನ್ನು ಚಿತ್ರಿಸಿದವಳು ಎದ್ಮಾ, ತನ್ನ ಕುಂಚವನ್ನು ಆಮೇಲೆ ಕೆಳಗಿಟ್ಟ ಅಕ್ಕ.

1892ರಲ್ಲಿ ಗಂಡ ತೀರಿಕೊಂಡ. 1895ರಲ್ಲಿ, ಕಾಯಿಲೆ ಬಿದ್ದ ಜೂಲಿಯ ಆರೈಕೆ ಮಾಡುತ್ತಾ ತಾನೂ ಹಾಸಿಗೆ ಹಿಡಿದು, ಮಾರ್ಚ್ 2ರಂದು ಬರ್ತ್ ಕಣ್ಣುಮುಚ್ಚಿದಳು. 54 ವರ್ಷ. ಸಮಾಧಿಯ ಕಲ್ಲಿನ ಮೇಲೆ ಬರೆದದ್ದು 'ಯುಜೀನ್ ಮಾನೆಯ ವಿಧವೆ' ಎಂದು. ಮರುವರ್ಷ ಮೋನೆ, ದೆಗಾ, ರೆನ್ವಾರ್ ಮತ್ತು ಕವಿ ಮಲಾರ್ಮೆ ಸೇರಿ ಅವಳ ಮುನ್ನೂರಕ್ಕೂ ಹೆಚ್ಚು ಕೃತಿಗಳ ಪ್ರದರ್ಶನ ಮಾಡಿದರು. ಅವಳ ಉದ್ಯೋಗ ಏನೆಂದು ಅವರಿಗೆ ಗೊತ್ತಿತ್ತು.

ಮಕ್ಕಳೇ, ಅರ್ಜಿಯಲ್ಲಿ ಏನಾದರೂ ತುಂಬಿ, ಬೇಸರವಿಲ್ಲ. ಆದರೆ ಈ ವಾರ ಒಂದು ಸಂಜೆ ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ನಿನಗೆ ಏನು ನಿಂತುಹೋಯಿತು ಅಂತ. ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ನನ್ನ ಮಗಳಿಗೂ ಅದನ್ನೇ ಹೇಳಿದ್ದೇನೆ. ಅವಳು ಇನ್ನೂ ಕೇಳಿಲ್ಲ, ಕಾಯುತ್ತಿದ್ದೇನೆ.