ಕೋಡಂಗಿ ಕುಣಿಯದೆ ಎರಡನೇ ವೇಷವಿಲ್ಲ

ಬಿ.ಎಡ್. ಪದವಿ ಪಡೆದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಶಾಲೆಗಳಿಗೆ ಹೊರಟಿರುವ ಹೊಸ ಮೇಷ್ಟ್ರುಗಳೇ, ಟೀಚರುಗಳೇ,

2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇಕಡಾ 94ರ ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂತು. ಸಂಜೆ ಶಾಲೆ ಬಿಟ್ಟ ಮೇಲೂ ಕುಳಿತು ಪಾಠ ಮಾಡಿದ ಅಧ್ಯಾಪಕರ ಶ್ರಮ ಆ ಅಂಕಿಯ ಹಿಂದೆ ಇದೆ. ಅವರಿಗೆ ನಾನು ಕೈಮುಗಿಯುತ್ತೇನೆ. ಆದರೆ ನೀವು ಶಾಲೆಗೆ ಹೋಗುವಾಗ ನೂರರಲ್ಲಿ ಉಳಿದ ಆರು ಮಂದಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಇನ್ನೊಂದು ಗುಂಪಿದೆ, ಅದು ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ: ತೇರ್ಗಡೆಯಾದ ಮಕ್ಕಳಲ್ಲಿ, ಪ್ರಶ್ನೋತ್ತರ ಬಾಯಿಪಾಠ ಮಾಡಿ ದಾಟಿ, ‘ನಾನು ದಡ್ಡ’ ಎಂದು ಇವತ್ತಿಗೂ ನಂಬಿಕೊಂಡವರು. ನನ್ನ ಮಾತು ಈ ಎರಡು ಗುಂಪಿನ ಬಗ್ಗೆ.

ಹೋವಾರ್ಡ್ ಗಾರ್ಡ್ನರ್ ಅವರ ಹೆಸರನ್ನು ನೀವು ಪರೀಕ್ಷೆಗೆ ಓದಿದ್ದೀರಿ. ಹಾರ್ವರ್ಡಿನ ಈ ಮನಶ್ಶಾಸ್ತ್ರಜ್ಞ 1983ರಲ್ಲಿ ‘ಫ್ರೇಮ್ಸ್ ಆಫ್ ಮೈಂಡ್’ ಪುಸ್ತಕ ಬರೆದು, ಬುದ್ಧಿ ಒಂದಲ್ಲ, ಹಲವು ಎಂದರು. ಮಾತಿನದು, ಲೆಕ್ಕ ಮತ್ತು ತರ್ಕದ್ದು, ಸಂಗೀತದ್ದು, ಮೈಕೈಯದು, ಆಕಾರ ಮತ್ತು ಜಾಗವನ್ನು ಗ್ರಹಿಸುವುದು, ಇನ್ನೊಬ್ಬರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂದು ಏಳು. ಗಿಡ, ಪ್ರಾಣಿ, ಹವೆಯನ್ನು ಗುರುತಿಸುವ ಎಂಟನೆಯದನ್ನು ಆಮೇಲೆ ಸೇರಿಸಿದರು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ, ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲೆಂದು ಮಾಡಿದ ಪರೀಕ್ಷೆ ಕ್ರಮೇಣ ಮಗುವಿನ ತಲೆಗೆ ಒಂದೇ ನಂಬರು ಅಂಟಿಸುವ ಯಂತ್ರವಾಗಿತ್ತು. ಆ ನಂಬರಿನ ದರ್ಬಾರನ್ನು ಗಾರ್ಡ್ನರ್ ಪ್ರಶ್ನಿಸಿದರು. ಅದಕ್ಕೆ ಶಿಕ್ಷಕರು ಅವರನ್ನು ಪ್ರೀತಿಸಿದ್ದು ಸಹಜ.

ಆಮೇಲೆ ಆದದ್ದೇ ಬೇರೆ. ಒಂದು ನಂಬರು ಇದ್ದಲ್ಲಿ ಎಂಟು ಚೀಟಿ ಬಂದವು. ಪ್ರಶ್ನಾವಳಿ ತುಂಬಿಸಿ ‘ಇವನು ಕೈಕಾಲಿನ ಬುದ್ಧಿಯವ, ಇವಳು ಚಿತ್ರದ ಬುದ್ಧಿಯವಳು’ ಎಂದು ಮಗುವಿನ ಹಣೆಗೆ ಅಂಟಿಸುವ ತರಬೇತಿಗಳು ಶುರುವಾದವು. ಒಬ್ಬೊಬ್ಬನಿಗೂ ಅವನವನ ‘ಶೈಲಿ’ಯಲ್ಲೇ ಕಲಿಸಿದರೆ ಚೆನ್ನಾಗಿ ಕಲಿಯುತ್ತಾನೆ ಎಂಬ ಮಾತಿಗೆ ಆಧಾರ ಇದೆಯೇ ಎಂದು 2008ರಲ್ಲಿ ನಾಲ್ವರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಅದುವರೆಗಿನ ಸಂಶೋಧನೆಯನ್ನೆಲ್ಲ ಜಾಲಾಡಿದರು. ಸಾಕಷ್ಟು ಪುರಾವೆ ಸಿಗಲಿಲ್ಲ. ತಾವು ಹೇಳಿದ ಬುದ್ಧಿಗಳೂ ಈ ‘ಕಲಿಕಾ ಶೈಲಿ’ಗಳೂ ಒಂದಲ್ಲ ಎಂದು ಗಾರ್ಡ್ನರ್ ಅವರೇ 2013ರಲ್ಲಿ ಬರೆದು ಸ್ಪಷ್ಟಪಡಿಸಿದರು. ಎಂಟು ಬುದ್ಧಿಗಳ ಸಿದ್ಧಾಂತವನ್ನೇ ಒಪ್ಪದ ವಿಜ್ಞಾನಿಗಳೂ ಬಹಳ ಇದ್ದಾರೆ. ಪದವಿ ತೆಗೆದುಕೊಳ್ಳುವ ದಿನವೇ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ನಾಳೆ ನಿಮ್ಮ ಕೈಗೆ ಅಂಥದೊಂದು ಪ್ರಶ್ನಾವಳಿ ಬರಬಹುದು. ಅದನ್ನು ಮಡಚಿಟ್ಟು ಮಕ್ಕಳ ಮುಖ ನೋಡಿ.

ಹಾಗಾದರೆ ನಲವತ್ತು ಮಕ್ಕಳ ನಲವತ್ತು ಬಗೆಯ ಮನಸ್ಸಿಗೆ ಪಾಠ ಮಾಡುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. ಬ್ರಹ್ಮಾವರದ ಆಸುಪಾಸಿನಲ್ಲೇ ಹಾರಾಡಿ ಇದೆ, ಮಟಪಾಡಿ ಇದೆ. ಬಡಗುತಿಟ್ಟು ಯಕ್ಷಗಾನದ ಎರಡು ಪರಂಪರೆಗಳಿಗೆ ಈ ಎರಡು ಊರುಗಳ ಹೆಸರಿದೆ. ಒಂದರಲ್ಲಿ ಗತ್ತು, ಗಾಂಭೀರ್ಯ ಹೆಚ್ಚು. ಇನ್ನೊಂದರಲ್ಲಿ ಕುಣಿತದ ಬೆಡಗು ಹೆಚ್ಚು. ಅದೇ ಪ್ರಸಂಗ, ಅದೇ ಪದ್ಯ. ಹಾರಾಡಿಯವರನ್ನು ಕುಣಿತ ಬಾರದವರೆಂದೋ ಮಟಪಾಡಿಯವರನ್ನು ಅಭಿನಯ ಬಾರದವರೆಂದೋ ಬಲ್ಲ ಪ್ರೇಕ್ಷಕ ಹೇಳಲಿಲ್ಲ.

ಮೇಳದಲ್ಲಿ ಹುಡುಗ ಕಲಿಯುತ್ತಿದ್ದ ಕ್ರಮ ನೋಡಿ. ಬಂದವನನ್ನು ಮೊದಲ ದಿನವೇ ನಿಲ್ಲಿಸಿ, ನೀನು ಪುಂಡುವೇಷಕ್ಕೆ, ನೀನು ಬಣ್ಣಕ್ಕೆ, ನೀನು ಹಾಸ್ಯಕ್ಕೆ ಎಂದು ಹಂಚುತ್ತಿರಲಿಲ್ಲ. ಎಲ್ಲರೂ ಮೊದಲು ಪೂರ್ವರಂಗದ ಕೋಡಂಗಿ ವೇಷ ಕುಣಿಯಬೇಕು. ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕಾ ಸ್ತ್ರೀವೇಷ. ತಾಳ ಎಲ್ಲರಿಗೂ ಬೇಕು, ಹೆಜ್ಜೆ ಎಲ್ಲರಿಗೂ ಬೇಕು, ಪದ್ಯದ ಅರ್ಥ ಎಲ್ಲರಿಗೂ ಬೇಕು. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡುತ್ತ, ಹಿರಿಯರ ಮಾತು ಕೇಳುತ್ತ, ರಾತ್ರಿಯಿಡೀ ರಂಗಸ್ಥಳದ ಅಂಚಿನಲ್ಲಿ ಕುಳಿತು ಪದ್ಯ ಕಿವಿಗೆ ಹಾಕಿಕೊಳ್ಳುತ್ತ ಹುಡುಗ ಬೆಳೆಯುತ್ತಿದ್ದ. ಕಣ್ಣು, ಕಿವಿ, ಕಾಲು, ಮಾತು ನಾಲ್ಕೂ ಒಂದೇ ಕಥೆಯ ಕಡೆಗೆ ಅವನನ್ನು ಎಳೆಯುತ್ತಿದ್ದವು. ಕೆಲವು ತಿರುಗಾಟಗಳಾದ ಮೇಲೆ ಅವನ ಶಕ್ತಿ ಎಲ್ಲಿದೆ ಎಂಬುದು ಅವನಿಗೂ ಭಾಗವತರಿಗೂ ತಾನಾಗಿ ತಿಳಿಯುತ್ತಿತ್ತು. ನಾಯಕನ ಎರಡನೇ ವೇಷವೋ ಸ್ತ್ರೀವೇಷವೋ ಆಮೇಲಿನ ಮಾತು. ಬುದ್ಧಿಯ ಬಗೆ ಕಲಿಕೆಯ ಕೊನೆಗೆ ಕಾಣಿಸಬೇಕಾದದ್ದು. ಮೊದಲೇ ಬರೆದಿಟ್ಟುಕೊಂಡರೆ ಅದು ಮಗುವಿಗೆ ಬೇಲಿಯಾಗುತ್ತದೆ.

1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಅಧ್ಯಾಪಕರಾದ ಎಚ್. ಶ್ರೀಧರ ಹಂದೆಯವರೂ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ದೊಡ್ಡವರ ಕಲೆ ಎನಿಸಿದ್ದನ್ನು ಶಾಲೆಗೆ ಹೋಗುವ ಮಕ್ಕಳು ಆಡಿ ತೋರಿಸಿದರು. ಯಕ್ಷ ಶಿಕ್ಷಣ ಟ್ರಸ್ಟಿನ ಮೂಲಕ ಈಗ ನಮ್ಮ ಜಿಲ್ಲೆಯ ಎಷ್ಟೋ ಪ್ರೌಢಶಾಲೆಗಳಲ್ಲಿ ಹುಡುಗಿಯರೂ ಹುಡುಗರೂ ಗೆಜ್ಜೆ ಕಟ್ಟುತ್ತಿದ್ದಾರೆ. ಬಹಳ ಒಳ್ಳೆಯ ಕೆಲಸ. ನನ್ನ ಆಸೆ ಇನ್ನೂ ಒಂದು ಹೆಜ್ಜೆ ಮುಂದಿನದು: ಸಂಜೆಯ ತರಬೇತಿಯಲ್ಲಿ ಎಚ್ಚರವಾಗುವ ಮನಸ್ಸು ಬೆಳಗಿನ ಗಣಿತದ ಪಿರಿಯಡ್‌ನಲ್ಲಿ ಮಲಗಬಾರದು.

ಒಂದು ಪಾಠವನ್ನೇ ತೆಗೆದುಕೊಳ್ಳೋಣ. ಲಘುತಮ ಸಾಮಾನ್ಯ ಅಪವರ್ತ್ಯ. ಲ.ಸಾ.ಅ. ಎಂದರೆ ಮಕ್ಕಳು ಏಣಿ ಹಾಕಿ ಭಾಗಿಸುತ್ತಾರೆ, ಉತ್ತರ ಬರುತ್ತದೆ, ಏನು ಬಂತೆಂದು ಗೊತ್ತಿರುವುದಿಲ್ಲ. ಯಕ್ಷಗಾನದ ಏಕತಾಳಕ್ಕೆ ನಾಲ್ಕು ಎಣಿಕೆ, ರೂಪಕಕ್ಕೆ ಆರು, ತ್ರಿವುಡೆಗೆ ಏಳು. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ನಾಲ್ಕಕ್ಕೊಮ್ಮೆ ಚಪ್ಪಾಳೆ ಹೊಡೆಯಲಿ, ಇನ್ನೊಂದು ಆರಕ್ಕೊಮ್ಮೆ, ಲಯ ಒಂದೇ ಇರಲಿ. ಶುರುವಿಗೆ ಒಟ್ಟಿಗೆ ಬಿದ್ದ ಚಪ್ಪಾಳೆ ಬೇರೆ ಬೇರೆಯಾಗುತ್ತದೆ. ಹನ್ನೆರಡು ಎಣಿಕೆ ಮುಗಿದು ಹದಿಮೂರನೆಯದಕ್ಕೆ ಮತ್ತೆ ಒಟ್ಟಿಗೆ ಬೀಳುತ್ತದೆ. ಅಲ್ಲಿ ಮಕ್ಕಳು ನಗುತ್ತಾರೆ. ಆ ನಗು ಗಣಿತ ಅರ್ಥವಾದ ನಗು. ಈಗ ನಾಲ್ಕು ಮತ್ತು ಏಳು ಮಾಡಿಸಿ. ಇಪ್ಪತ್ತೆಂಟರವರೆಗೆ ಕಾಯಬೇಕು, ಲಯ ತಪ್ಪುತ್ತದೆ, ಜಗಳವಾಗುತ್ತದೆ. ಆಮೇಲೆ ಮೂರು ಗುಂಪು ಮಾಡಿ: ನಾಲ್ಕು, ಆರು, ಏಳು. ಯಾರಿಂದಲೂ ಆಗುವುದಿಲ್ಲ, ಏಕೆಂದರೆ ಉತ್ತರ ಎಂಬತ್ತನಾಲ್ಕು. ಚಪ್ಪಾಳೆ ಸೋತ ಆ ಜಾಗದಲ್ಲಿ ಪುಸ್ತಕ ತೆರೆಸಿ. ಏಣಿ ಹಾಕಿ ಭಾಗಿಸುವ ವಿಧಾನ ಏಕೆ ಬೇಕೆಂದು ಆಗ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ತಾಳ ಚೆನ್ನಾಗಿ ಹಾಕಿದ ಹುಡುಗನಿಗೆ ‘ನಿನಗೆ ತಾಳ ಬಂತಲ್ಲ, ಬರೆಯುವುದು ಬೇಡ’ ಎನ್ನಬೇಡಿ. ಅದು ದಯೆಯಂತೆ ಕಾಣುವ ಅನ್ಯಾಯ. ಅವನು ಬರೆಯಲೇಬೇಕು. ಲೆಕ್ಕ ಚಕಚಕನೆ ಮಾಡುವ ಹುಡುಗಿ ಎದ್ದು ನಿಂತು ತಾಳ ಹಾಕಲೇಬೇಕು. ದಾರಿ ಬೇರೆ ಬೇರೆ ಇರಬಹುದು, ಯಾರನ್ನೂ ಅರ್ಧದಾರಿಯಲ್ಲಿ ಕೂರಿಸುವ ಹಕ್ಕು ನಮಗಿಲ್ಲ. ಬಡವರ ಮಗುವಿಗೆ, ಮೀನುಗಾರರ ಮಗುವಿಗೆ ‘ಕೈಕೆಲಸದ ಬುದ್ಧಿ’ ಎಂಬ ಚೀಟಿ ಬಹಳ ಬೇಗ ಅಂಟುತ್ತದೆ ಎಂಬುದನ್ನು ಮರೆಯಬೇಡಿ.

ಬುದ್ಧಿಯ ಮಾತಿಗೂ ಮೊದಲು ಭಾಷೆಯ ಮಾತಿದೆ. ನಮ್ಮ ಮೂರು ತಾಲೂಕುಗಳ ಒಂದು ತರಗತಿಯಲ್ಲಿ ಎಷ್ಟು ಮನೆಮಾತು! ಕುಂದಗನ್ನಡ, ಗಂಗೊಳ್ಳಿಯ ಖಾರ್ವಿ ಮಕ್ಕಳ ಕೊಂಕಣಿ, ಕುಡುಬಿ ಮಕ್ಕಳ ಮಾತು, ಶಿರೂರು ಕಡೆಯ ನವಾಯತಿ, ಬ್ರಹ್ಮಾವರದ ದಕ್ಷಿಣಕ್ಕೆ ತುಳು, ಕೊರಗ ಮಕ್ಕಳ ನುಡಿ. ಇವರೆಲ್ಲರಿಗೂ ಪಠ್ಯಪುಸ್ತಕದ ಕನ್ನಡ ಒಂದಿಷ್ಟು ಹೊಸದೇ. ಒಂದನೇ ತರಗತಿಯಲ್ಲಿ ಸುಮ್ಮನೆ ಕೂರುವ ಮಗು ಮಂದವಲ್ಲ, ಅದು ಮನಸ್ಸಿನೊಳಗೆ ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುತ್ತಿದೆ. ಕುಂದಗನ್ನಡದ ಮಗುವನ್ನು ‘ಎಂತಾ ಆಯ್ತ್ ಮಗಾ’ ಎಂದು ಅದರ ಮಾತಿನಲ್ಲೇ ಕೇಳಿದರೆ ಅರ್ಧ ಭಯ ಹೋಗುತ್ತದೆ. ಹೋಳಿಯ ದಿನಗಳಲ್ಲಿ ಗುಮಟೆ ಬಾರಿಸುತ್ತ ಮನೆಮನೆಗೆ ಹೋಗುವ ಕುಡುಬಿ ಹುಡುಗನ ಕೈಯಲ್ಲಿರುವ ಲಯ, ನೆನಪಿನಲ್ಲಿರುವ ಹಾಡು ಅವನ ಕ್ಲಾಸ್ ಟೀಚರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವನ ಹೆಸರಿನ ಮುಂದೆ ನಾವು ಬರೆಯುವ ‘ಗಮನ ಕಡಿಮೆ’ ಎಂಬ ಷರಾ ಸುಳ್ಳು.

ಚೀಟಿ ಅಂಟಿಸುವ ಮಾತಿಗೆ ಮರಳಿದರೆ, ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನೇ ನೋಡಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಬಿಟ್ಟವರು. ಕಾದಂಬರಿ ಬರೆದರು, ಕುಣಿದರು, ಮೂಕಿ ಚಿತ್ರಕ್ಕೂ ಕೈಹಾಕಿದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು, 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಕೊಟ್ಟರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಯಕ್ಷಗಾನ ಬಯಲಾಟ’ಕ್ಕೆ, ಜ್ಞಾನಪೀಠ ಬಂದದ್ದು ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ಎಂಟು ಬುದ್ಧಿಗಳ ಪಟ್ಟಿ ಹಿಡಿದ ಶಿಕ್ಷಕರು ಕೋಟದ ಆ ಹುಡುಗನ ಹೆಸರನ್ನು ಯಾವ ಕಾಲಮಿನಲ್ಲಿ ಬರೆಯುತ್ತಿದ್ದರು?

ಸರಕಾರಿ ಶಾಲೆಗೆ ಹೋಗುವವರಿಗೆ ಒಂದು ಸಮಾಧಾನ: ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಋಷಿವ್ಯಾಲಿಯ ಪ್ರಯೋಗ ನೋಡಿ ಬಂದು ಆರಂಭಿಸಿದ ನಲಿ ಕಲಿ, 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತಲಿ, ಗೆಳೆಯರಿಂದಲೂ ಕಲಿಯಲಿ ಎಂಬ ಆಲೋಚನೆಯನ್ನು ನಮ್ಮ ಶಾಲೆಗಳಿಗೆ ತಂದವರು ಶಿಕ್ಷಕರೇ. ಒಂದು ಕೋಣೆಯಲ್ಲಿ ಮೂರು ತರಗತಿ ಕೂರಿಸಿಕೊಂಡು ಅದನ್ನು ನಡೆಸುವುದು ಎಷ್ಟು ಕಷ್ಟವೆಂದು ಅಲ್ಲಿ ದುಡಿದವರು ಬಲ್ಲರು. ಆದರೂ ಅದರ ಹಿಂದಿನ ನಂಬಿಕೆ ಸರಿಯಾದದ್ದು.

ಪ್ರೌಢಶಾಲೆಗೆ ಹೋಗುವವರೇ, ನಿಮ್ಮ ಕೈಯಲ್ಲಿ ಇಪ್ಪತ್ತು ಅಂಕ ಇದೆ. ಎಸ್ಸೆಸ್ಸೆಲ್ಸಿಯ ಹೆಚ್ಚಿನ ವಿಷಯಗಳಲ್ಲಿ ಎಂಬತ್ತು ಲಿಖಿತ ಪರೀಕ್ಷೆಗೆ, ಇಪ್ಪತ್ತು ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತು ಈಗ ಎಲ್ಲಿಗೆ ಹೋಗುತ್ತಿದೆ? ಅಂಗಡಿಯ ಚಾರ್ಟಿಗೆ, ಕಂಪ್ಯೂಟರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಬಣ್ಣದ ರಟ್ಟು ಹಾಕಿದ ಪ್ರಾಜೆಕ್ಟಿಗೆ. ಎಲ್ಲರಿಗೂ ಹದಿನೆಂಟು, ಹತ್ತೊಂಬತ್ತು. ಯಾರೂ ಏನೂ ಕಲಿಯುವುದಿಲ್ಲ.

ಆ ಇಪ್ಪತ್ತು ಅಂಕವನ್ನು ನಿಜವಾದ ಕೆಲಸಕ್ಕೆ ಕೊಡಿ. ಗಂಗೊಳ್ಳಿಯ ಮಕ್ಕಳು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಹೊಳೆದಂಡೆಯಲ್ಲಿ ಒಂದು ಕೋಲು ನೆಟ್ಟು ಉಬ್ಬರ ಇಳಿತದ ಗೆರೆ ಗುರುತಿಸಲಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದನ್ನು, ಅಷ್ಟಮಿಯ ಹೊತ್ತಿಗೆ ನೀರಿನ ಏರಿಳಿತ ಸಣ್ಣದಾಗುವುದನ್ನು ನಕ್ಷೆಯಲ್ಲಿ ಇಳಿಸಲಿ. ಅವರ ಅಪ್ಪಂದಿರಿಗೆ ಇದು ಗೊತ್ತು. ಅಪ್ಪನನ್ನು ಶಾಲೆಗೆ ಕರೆಸಿ, ಕುರ್ಚಿ ಕೊಟ್ಟು ಕೇಳಿ. ಮಳೆ ಕಳೆದ ಮೇಲೆ ಹಳ್ಳಿಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ದಿನ ಎಂಟನೇ ತರಗತಿಯವರನ್ನು ಕರೆದುಕೊಂಡು ಹೋಗಿ. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬುವುದು ಏಕೆ, ಕೆಳಗಿನ ಸಂದಿನಿಂದ ನೀರು ಹೆಚ್ಚು ರಭಸವಾಗಿ ಚಿಮ್ಮುವುದು ಏಕೆ ಎಂದು ಅಲ್ಲೇ ಕೇಳಿ. ‘ಬಲ ಮತ್ತು ಒತ್ತಡ’ ಪಾಠವನ್ನು ಆಮೇಲೆ ಓದಿಸಿ. ಕುಂದಾಪುರದವರಿಗೆ ಉಪ್ಪಿನಕುದ್ರು ಹತ್ತಿರ. ಕೊಗ್ಗ ಕಾಮತರ ಮನೆತನದ ಗೊಂಬೆಯಾಟದಲ್ಲಿ ಒಂದು ದಾರ ಎಳೆದರೆ ಯಾವ ಕೀಲು ತಿರುಗುತ್ತದೆ ಎಂದು ಚಿತ್ರ ಬರೆದು ತರಲಿ. ಒಂದೇ ಕೆಲಸದಲ್ಲಿ ಒಬ್ಬ ಅಳೆಯಲಿ, ಒಬ್ಬಳು ಬರೆಯಲಿ, ಒಬ್ಬ ಎಲ್ಲರ ಮುಂದೆ ನಿಂತು ಹೇಳಲಿ. ಮುಂದಿನ ಕೆಲಸದಲ್ಲಿ ಈ ಪಾತ್ರಗಳು ಬದಲಾಗಲಿ. ಅಂಕ ಕೊಡುವಾಗ ಹನ್ನೊಂದು ಬಂದವರಿಗೆ ಹನ್ನೊಂದೇ ಕೊಡಿ, ಏಕೆ ಹನ್ನೊಂದು ಎಂದು ಕೂರಿಸಿಕೊಂಡು ಹೇಳಿ, ಇನ್ನೊಮ್ಮೆ ಮಾಡಲು ಅವಕಾಶ ಕೊಡಿ.

ಮುಖ್ಯೋಪಾಧ್ಯಾಯರು ಒಪ್ಪಲಿಕ್ಕಿಲ್ಲ, ಪೋಷಕರು ‘ಪೋರ್ಷನ್ ಮುಗಿಯಿತಾ’ ಎಂದು ಕೇಳಿಯೇ ಕೇಳುತ್ತಾರೆ. ಆದರೂ ವರ್ಷಕ್ಕೆ ಎರಡು ಪಾಠ ಈ ರೀತಿ ಮಾಡಿದರೆ ಸಾಕು, ಮೂರನೆಯದನ್ನು ಮಕ್ಕಳೇ ಕೇಳುತ್ತಾರೆ. ಯಾವ ಎರಡು ಪಾಠ ಎಂಬುದನ್ನು ಶಾಲೆ ಶುರುವಾಗುವ ಮೊದಲೇ ಆರಿಸಿಟ್ಟುಕೊಳ್ಳಿ.