ಮೊಣಕಾಲು ನೋವು: ಸುಮ್ಮನೆ ಸಹಿಸುವುದು ಬೇಡ
(ರಾಮಥಾಳದ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಈಗ ಚಾಪೆ ಮೇಲೆ ಕೂಡುವಾಗ ಎಷ್ಟೋ ಮಂದಿ “ಯವ್ವಾ” ಅಂದ್ರಿ. “ವಯಸ್ಸಾತು, ಏನ್ ಮಾಡೂದು” ಅಂತ ನೋವು ನುಂಗುವುದು ನಮ್ಮ ರೂಢಿ. ಒಳಗೆ ಏನಾಗುತ್ತದೆ ಎಂದು ಮೊದಲು ತಿಳಿಯೋಣ.

ಕೀಲಿನಲ್ಲಿ ಎಲುಬಿನ ತುದಿಗೆ ನುಣುಪಾದ ಹೊದಿಕೆ ಇರುತ್ತದೆ. ಇದೇ ಮೃದ್ವಸ್ಥಿ. ಕುರಿಯ ಕಾಲೆಲುಬಿನ ತುದಿಯಲ್ಲಿ ಬೆಳ್ಳಗೆ ಹೊಳೆಯುತ್ತದಲ್ಲ, ಅದು. ಇದರಲ್ಲಿ ನರ ಇಲ್ಲ, ಆದ್ದರಿಂದ ಸವೆತ ಶುರುವಾದದ್ದು ನಮಗೆ ಗೊತ್ತಾಗುವುದಿಲ್ಲ. ರಕ್ತನಾಳವೂ ಇಲ್ಲ, ಆದ್ದರಿಂದ ಸವೆದದ್ದು ಸುಲಭಕ್ಕೆ ತುಂಬುವುದಿಲ್ಲ. ಕೀಲಿನ ಅಂಟುನೀರೇ ಇದಕ್ಕೆ ಊಟ. ಕಾಲು ಆಡಿಸಿದಾಗ ಸ್ಪಂಜಿನಂತೆ ಅದನ್ನು ಹೀರಿಕೊಳ್ಳುತ್ತದೆ.

ಹೊದಿಕೆ ತೆಳುವಾದಂತೆ ಸಂದು ಕಿರಿದಾಗುತ್ತದೆ. ಎಲುಬಿನ ಅಂಚಿಗೆ ಮುಳ್ಳಿನಂಥ ಬೆಳವಣಿಗೆ ಬರುತ್ತದೆ. ಒಳಪದರಕ್ಕೆ ಬಾವು ಬರುತ್ತದೆ. ಆಗಲೇ ನೋವು, ಕಟಕಟ ಸಪ್ಪಳ, ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿತ.

ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವುದು, ಕೊಡ ಹೊರುವುದು, ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ನಮ್ಮ ದಿನದ ಕೆಲಸ. ಮೊಣಕಾಲು ಪೂರ್ತಿ ಮಡಚಿದಾಗ ಕೀಲಿನ ಮೇಲೆ ಭಾರ ಬಹಳ. ತೂಕ ಹೆಚ್ಚಿದ್ದರೆ, ಹಳೆಯ ಪೆಟ್ಟಿದ್ದರೆ, ಮುಟ್ಟು ನಿಂತ ಮೇಲೆ ತೊಂದರೆ ಇನ್ನೂ ಹೆಚ್ಚು.

ಹಂಗಂತ ಹಾಸಿಗೆ ಹಿಡಿಯಬ್ಯಾಡ್ರಿ. ಕಾಲು ಆಡದಿದ್ದರೆ ತೊಡೆಯ ಸ್ನಾಯು ಸೊರಗಿ ಕೀಲಿಗೆ ಆಸರೆ ತಪ್ಪುತ್ತದೆ. ಹೀಗೆ ಮಾಡ್ರಿ:

• ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಚಾಚಿ 5 ಎಣಿಸಿ ಇಳಿಸಿರಿ. ಪ್ರತಿ ಕಾಲಿಗೆ 10 ಸಲ, ದಿನಾ.
• ಸಮನೆಲದಲ್ಲಿ ದಿನಾ ನಡೆಯಿರಿ.
• ಕಸ ತೆಗೆಯುವಾಗ, ರೊಟ್ಟಿ ಬಡಿಯುವಾಗ ಸಣ್ಣ ಮಣೆ ಇಟ್ಟುಕೊಳ್ಳಿರಿ. ನಡುನಡುವೆ ಎದ್ದು ನಿಲ್ಲಿರಿ.
• ತೂಕ ಹೆಚ್ಚಿದ್ದರೆ ಇಳಿಸಿರಿ. 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿಗೆ ಸುಮಾರು 4 ಕಿಲೋ ಭಾರ ಇಳಿಯುತ್ತದೆ.

ಅಂಗಡಿಯ ನೋವಿನ ಗುಳಿಗೆ ತಿಂಗಳುಗಟ್ಟಲೆ ನುಂಗಬ್ಯಾಡ್ರಿ. ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಸವೆದದ್ದು ಅದರಿಂದ ಬೆಳೆಯುವುದಿಲ್ಲ. ಕೀಲು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಬಿಗಿತ ಅರ್ಧ ತಾಸಿಗಿಂತ ಹೆಚ್ಚಿದ್ದರೆ ಅದು ಬೇರೆ ರೋಗ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿರಿ.

ಮನೆಯವರ ಕಾಯಿಲೆಗೆ ಸಂಘದ ಸಾಲ ತೆಗೆಯುತ್ತೇವೆ, ನಮ್ಮ ಕಾಲಿಗೆ ಮಾತ್ರ “ನಾಳೆ ನೋಡೋಣ”. ನಮ್ಮ ಕಾಲು ನಿಂತರೆ ಮನೆಯೇ ನಿಂತಂತೆ. ಪ್ರತಿ ವಾರದ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಎಲ್ಲರೂ ಕೂಡಿ ಹತ್ತು ಸಲ ಕಾಲು ಚಾಚೋಣ. ಅದೂ ಒಂದು ಉಳಿತಾಯವೇ.